ಕತ್ತಲ ನಾಯಕನ ಎಳವೆ

ಬ್ಯಾಟ್‌ಮನ್ 1939ರಲ್ಲಿ ಮೊದಲ ಸಲ ಅಚ್ಚಾದಾಗ ಅವನಿಗೆ ಬಾಲ್ಯವೇ ಇರಲಿಲ್ಲ. ಕೆಲವು ತಿಂಗಳ ಮೇಲೆ ಎರಡು ಪುಟಗಳಲ್ಲಿ ಹೆತ್ತವರ ಕೊಲೆ ಬಂದು ಹೋಯಿತು. ಆ ಗಾಯವನ್ನು ಬಿಡಿಸಿ ನೋಡಿದ್ದು 1987ರ ‘ಇಯರ್ ಒನ್’ ಕಾಮಿಕ್ಸ್. ಬರೆದವರು ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮ್ಯಾಜುಕೆಲ್ಲಿಯವರದು. ಕೇಡಿಗಳಿಗೆ ಪಾಠ ಕಲಿಸಲು ಹೊರಟ ಮೊದಲ ರಾತ್ರಿಯೇ ನಾಯಕ ಇರಿತ ತಿನ್ನುತ್ತಾನೆ, ಪೊಲೀಸರ ಗುಂಡು ತಿನ್ನುತ್ತಾನೆ. ರಕ್ತ ಸುರಿಸುತ್ತಾ ಮನೆಗೆ ಬಂದು ಅಪ್ಪನ ಪ್ರತಿಮೆಯ ಎದುರು ಕೂರುತ್ತಾನೆ. ಕರೆಗಂಟೆ ಕೈಗೆಟಕುವಂತಿದೆ, ಆದರೂ ಬಾರಿಸುವುದಿಲ್ಲ. ಆಗ ಕಿಟಕಿಯ ಗಾಜು ಒಡೆದುಕೊಂಡು ಬಾವಲಿ ಒಳನುಗ್ಗುತ್ತದೆ. ರಿಚ್ಮಂಡ್ ಲೂಯಿಸ್ ಹಚ್ಚಿದ ಮಂಕು ಬಣ್ಣ ಆ ಕೋಣೆಯ ಉಸಿರನ್ನೇ ಬಿಗಿಹಿಡಿಯುತ್ತದೆ.

ಕತ್ತಲ ನಾಯಕರ ಈ ಪಂಥದ ದೊಡ್ಡ ಗಳಿಕೆ ಇದೇ: ನಾಯಕ ಇನ್ನೂ ಹದವಾಗದೆ, ಹೆದರಿ, ಸೋತು ಕೂತಿರುವುದನ್ನು ತೋರಿಸುವ ಧೈರ್ಯ. ಆಮೇಲೆ ಬಂದವರಲ್ಲಿ ಬಹಳ ಮಂದಿ ಕತ್ತಲನ್ನಷ್ಟೇ ಎತ್ತಿಕೊಂಡರು, ಸೋಲನ್ನು ಬಿಟ್ಟರು. ಇನ್ನೊಂದು ಕೊರತೆ ಮೂಲದಲ್ಲೇ ಇದೆ. ಸಿರಿವಂತನೊಬ್ಬ ರಾತ್ರಿ ಇಳಿದು ಬಂದು ಬಡವರ ಬೀದಿಯಲ್ಲಿ ನ್ಯಾಯ ಹಂಚುತ್ತಾನೆ. ಆ ಅಧಿಕಾರ ಅವನಿಗೆ ಎಲ್ಲಿಂದ ಬಂತೆಂದು ಕಥೆ ಗಟ್ಟಿಯಾಗಿ ಕೇಳುವುದಿಲ್ಲ.

ಕನ್ನಡದ ಚಿತ್ರಕಥೆ ಬೇರೆ ದಾರಿ ಹಿಡಿಯಿತು. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು 1965ರ ಸುಮಾರಿಗೆ ಬಂದದ್ದು ಕನ್ನಡದಲ್ಲೇ ಎಂಬುದು ನಮಗೆ ಹೆಮ್ಮೆ. ಆದರೆ ಅವು ಪರದೇಶದ ಕಿನ್ನರ ಕಥೆಗಳಾಗಿದ್ದವು. ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್, ಬಾಲಮಂಗಳದ ಡಿಂಗ ನಮ್ಮ ಮಕ್ಕಳ ಕಣ್ಮಣಿಗಳಾದರು. ಅವರ ಋಣ ದೊಡ್ಡದು. ಆದರೂ ಅವರು ಗೆದ್ದೇ ಗೆಲ್ಲುವವರು. ಅವರ ಪುಟ ತಿರುವುವ ಓದುಗನ ಎದೆ ನಡುಗುವುದಿಲ್ಲ.

ಎದೆ ನಡುಗಿಸುವ ಎಳವೆ ಬೇಕಾದರೆ ಶಿರಾ ಸೀಮೆಗೆ ಹೋಗಬೇಕು. ಕಾಡುಗೊಲ್ಲ ಸಮುದಾಯದ ಸಾಂಸ್ಕೃತಿಕ ವೀರ ಜುಂಜಪ್ಪನ ನೆಲೆ ಶಿರಾ ತಾಲ್ಲೂಕಿನ ಕಳುವರಹಳ್ಳಿ. ಸೋದರಮಾವಂದಿರ ಹಗೆಯ ನಡುವೆ ಬೆಳೆದ ಹುಡುಗ ಅವನು. ಅವನ ಕೈಯಲ್ಲಿ ಗಣೆಯೆಂಬ ಕೊಳಲು, ಜೊತೆಯಲ್ಲಿ ಬಡಮೈಲನೆಂಬ ಎತ್ತು. ಮಗುವನ್ನು ಎತ್ತಿ ಆಡಿಸಬೇಕಾದ ಕೈಗಳೇ ಕೊಲ್ಲಲು ಹೊಂಚುತ್ತವೆ. ಬ್ಯಾಟ್‌ಮನ್ನನ ಗಾಥಮ್ ನಗರದ ಗಲ್ಲಿಯಲ್ಲಿ ಕೊಂದವನು ಅಪರಿಚಿತ. ಇಲ್ಲಿ ಹಗೆ ನೆಂಟಸ್ತಿಕೆಯೊಳಗೇ ಇದೆ. ನನಗೆ ಇದೇ ಹೆಚ್ಚು ಭಯಾನಕ.

ಜುಂಜಪ್ಪನ ಕಥೆ ಹೇಳುವ ರೀತಿಯಲ್ಲೂ ಚಿತ್ರಕಾರನಿಗೆ ಕಲಿಯಲಿಕ್ಕಿದೆ. ಹಾಡುಗಾರ ಕಥೆಯ ಒಂದು ಭಾಗ ಹಾಡಿ ನಿಲ್ಲಿಸುತ್ತಾನೆ, ಉದ್ದನೆಯ ಬಿದಿರ ಗಣೆಯನ್ನು ತುಟಿಗಿಟ್ಟು ಊದುತ್ತಾನೆ, ಮತ್ತೆ ಹಾಡಿಗೆ ಬರುತ್ತಾನೆ. ಮಾತು ನಿಂತಾಗ ಕೇಳುವವನ ಮನಸ್ಸು ಮುಂದಿನದನ್ನು ತಾನೇ ಕಟ್ಟಿಕೊಳ್ಳುತ್ತದೆ. ಒಳ್ಳೆಯ ಕಾಮಿಕ್ಸ್‌ನಲ್ಲಿ ಚೌಕಟ್ಟುಗಳ ನಡುವಿನ ಬಿಳಿ ಜಾಗ ಮಾಡುವ ಕೆಲಸವೂ ಅದೇ.

ಜುಂಜಪ್ಪನ ಕಾವ್ಯವನ್ನು ಜಾನಪದ ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ಆದರೆ ಅವನನ್ನು ಚಿತ್ರಿಸಹೊರಟವರು ಗ್ರಂಥಾಲಯದಲ್ಲೇ ನಿಲ್ಲಬಾರದು. ಅವನು ಇಂದಿಗೂ ಪೂಜೆಗೊಳ್ಳುವ ದೈವ, ಯಾರದೋ ಮನೆದೇವರು. ಬಾಣಂತಿಯನ್ನೂ ಮುಟ್ಟಾದವಳನ್ನೂ ಹೊರಗಿಡುವ ಪದ್ಧತಿ ಕಾಡುಗೊಲ್ಲರ ಹಟ್ಟಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ವೀರನ ಹುಟ್ಟನ್ನು ಬರೆಯುವ ಕುಂಚ ತಾಯಿಯ ಆ ಕತ್ತಲನ್ನು ಮರೆಮಾಚಬಾರದು. ಕನ್ನಡದ ಯುವ ಚಿತ್ರಕಾರರೇ, ಗಾಥಮ್ಮಿನ ನಕಲು ಸಾಕು. ಗೊಲ್ಲರಹಟ್ಟಿಗೆ ಹೋಗಿ, ಹಿರಿಯರ ಒಪ್ಪಿಗೆ ಪಡೆದು, ಗಣೆ ಊದುವವರ ಎದುರು ಕೂತು ಕೇಳಿ. ಪುಸ್ತಕದ ಮೇಲೆ ಅವರ ಹೆಸರನ್ನೂ ಹಾಕಿ.