ಬೆರಳ ವೇಗ ಹೇಳದ ಸಂಗತಿ

ಕೀಲಿಮಣೆ ನೋಡದೆ ಟೈಪ್ ಮಾಡುವವರು ಪರಿಣತರು, ಒಂದೇ ಬೆರಳಲ್ಲಿ ಅಕ್ಷರ ಹುಡುಕುವವರು ಹೊಸಬರು, ಮೌಸ್ ಮುಟ್ಟದೆ ಶಾರ್ಟ್‌ಕಟ್‌ನಲ್ಲೇ ಕೆಲಸ ಮುಗಿಸಿದರೆ ಇನ್ನೂ ಒಂದು ಮೆಟ್ಟಿಲು ಮೇಲೆ. ಕಂಪ್ಯೂಟರ್ ಬಲ್ಲವರನ್ನು ನಾವು ಅಳೆಯುವುದು ಹೀಗೆ. ಈ ಅಳತೆಗೆ ಸಿಗುವುದು ರೂಢಿ ಮಾತ್ರ ಎಂಬುದು ನನ್ನ ತಕರಾರು.

ಟೈಪಿಂಗ್‌ನ ವೇಗಕ್ಕೂ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ತಾವೇ ಕಲಿತು ಕೆಲವೇ ಬೆರಳು ಬಳಸುವವರು ಹತ್ತು ಬೆರಳಿನ ತರಬೇತಿ ಪಡೆದವರಿಗೆ ಸರಿಸಮನಾಗಬಲ್ಲರು ಎಂದು ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲೇ ತೋರಿಸಿದ್ದಾರೆ.

ಹೆದ್ದಾರಿ 66ರ ಬದಿಯ ಮಂಕಿಯಂಥ ಊರಿನ ಜೆರಾಕ್ಸ್ ಅಂಗಡಿಯನ್ನು ತೆಗೆದುಕೊಳ್ಳಿ. ಅರ್ಜಿ, ಕರಾರುಪತ್ರ, ಮದುವೆ ಕಾಗದ ಎಲ್ಲ ತಯಾರಾಗುವುದು ಅಂಥಲ್ಲೇ. ಆಪರೇಟರ್ ಮತ್ತೆ ಮತ್ತೆ ಸ್ಕ್ರಾಲ್ ಲಾಕ್ ಒತ್ತುವುದನ್ನು ಕಂಡರೆ ಇಂಗ್ಲಿಷಿನಲ್ಲಷ್ಟೇ ಕೆಲಸ ಮಾಡಿದವರಿಗೆ ಅಜ್ಞಾನವೆನಿಸೀತು. ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ದಾಟುವುದು ಆ ಕೀಲಿಯಿಂದಲೇ. ಅದು ಬಳಸುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಸೇರಿದರೆ ಕ ಹೋಗಿ ಖ ಬರುತ್ತದೆ, ಎಫ್ ಒತ್ತಿದರೆ ಒತ್ತಕ್ಷರ ಕೂಡುತ್ತದೆ. ಇದನ್ನು ಅರಿಯದವರು ಆ ಕೈಗಳ ಬಗ್ಗೆ ತೀರ್ಪು ಕೊಡಬಾರದು.

ಹಾಗೆಂದು ಆಪರೇಟರನ್ನು ಸುಮ್ಮನೆ ಹೊಗಳಲಾರೆ. ತಪ್ಪಿಲ್ಲದೆ ಪುಟಗಟ್ಟಲೆ ಹೊಡೆಯಬಲ್ಲವರೂ ಒಂದು ಕಡೆ ಸೋಲುತ್ತಾರೆ: ಹಳೆಯ ನುಡಿ ಫಾಂಟಿನ ಬರಹವನ್ನು ವಾಟ್ಸಾಪಿಗೆ ಹಾಕಿದೊಡನೆ ಅದು ರೋಮನ್ ಅಕ್ಷರಗಳ ಕಲಸುಮೇಲೋಗರವಾದಾಗ. ಫೈಲ್ ಕೆಟ್ಟಿತೆಂದು ಇಡೀ ಪುಟವನ್ನು ಮತ್ತೆ ಹೊಡೆಯಲು ಕೂರುತ್ತಾರೆ. ಕೆಟ್ಟದ್ದು ಏನೂ ಇಲ್ಲ. ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ತುಣುಕುಗಳನ್ನು ಹೊಂದಿಸಿದ್ದವು. ಫಾಂಟ್ ಇಲ್ಲದ ಕಡೆ ಅಡಿಯಲ್ಲಿದ್ದದ್ದು ಹೊರಬರುತ್ತದೆ, ಅಷ್ಟೆ. ಇದನ್ನು ಊಹಿಸಿ, ಮೂಲದ ಪ್ರತಿಯೊಂದನ್ನು ತೆಗೆದಿಟ್ಟು, ಒಂದೇ ಸಾಲನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿ, ಅರ್ಕಾವತ್ತು ಸರಿಯಾಗಿ ಕೂತಿತೇ ಎಂದು ನೋಡಿ ಆಮೇಲೆ ಉಳಿದದ್ದಕ್ಕೆ ಕೈಹಾಕುವ ಹುಡುಗಿ ನನ್ನ ಮಟ್ಟಿಗೆ ಪರಿಣತೆ. ಅರ್ಕಾವತ್ತನ್ನೇ ನೋಡುವುದಕ್ಕೆ ಕಾರಣವುಂಟು: ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಪರಿವರ್ತಕ ಎಡವುವ ಜಾಗವದು. ಆ ಹುಡುಗಿ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುವವಳಾದರೂ ನನ್ನ ಮಾತು ಬದಲಾಗದು.

ವೇಗಕ್ಕೆ ಬೆಲೆಯಿಲ್ಲವೇ ಎಂದರೆ, ಇದೆ. ಡಿಟಿಪಿಯ ಸಂಪಾದನೆ ಪುಟದ ಲೆಕ್ಕದ್ದು, ಕಾಯುವ ಗಿರಾಕಿಗೂ ಹೊತ್ತು ಮುಖ್ಯ. ನಿತ್ಯ ಬಳಸುವವರಿಗೆ ಶಾರ್ಟ್‌ಕಟ್ ತಾನಾಗಿ ಕೈಹತ್ತುವುದೂ ನಿಜ. ಅನುಭವದ ಸುಳಿವಾಗಿ ಅದನ್ನು ಒಪ್ಪುತ್ತೇನೆ. ಆದರೆ ಬೆರಳಚ್ಚಿನ ಸರ್ಟಿಫಿಕೇಟ್ ನೋಡಿ ಆಪರೇಟರನ್ನು ಆರಿಸುವವರು ಆ ಸುಳಿವನ್ನೇ ಪ್ರಮಾಣವೆಂದು ಹಿಡಿಯುತ್ತಾರೆ. ಅವರು ಅಭ್ಯರ್ಥಿಯ ಮುಂದೆ ತೆರೆಯಲೊಪ್ಪದ ಒಂದು ಫೈಲನ್ನೂ ಇಡಲಿ. ಎರರ್ ಸಂದೇಶ ಬಂದಾಗ ಓದದೆ ಓಕೆ ಒತ್ತುವರೋ, ಓದಿ ಒಂದು ಗಳಿಗೆ ನಿಲ್ಲುವರೋ ನೋಡಲಿ.