ಸಂಕಮ್ಮನ ಸಾಲೂ ಮಕ್ಕಳ ಶಿಕ್ಷಣವೂ

ಮನೆಯ ಹಬ್ಬವನ್ನೂ ಕುಲದ ಕಥೆಯನ್ನೂ ಮಕ್ಕಳಿಗೆ ಯಾವ ರೀತಿಯಲ್ಲಿ ಕೊಡಬೇಕೆಂಬುದು ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆಯೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿದೆ. ಆದರೆ ಹಬ್ಬದೊಡನೆ ಮಗುವಿಗೆ ದೊರೆಯುವುದು ಬಹುಮಟ್ಟಿಗೆ ಒಂದು ಕಥೆ, ಒಂದು ಹಾಡು. ಆದುದರಿಂದ ಇದು ಸಾಹಿತ್ಯವಿಮರ್ಶೆಗೂ ಸೇರಿದ ಪ್ರಶ್ನೆಯಾಗುತ್ತದೆ. ೧೯೫೬ರವರೆಗೆ ಮದರಾಸಿನ ಆಡಳಿತಕ್ಕೆ ಒಳಪಟ್ಟು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ, ಹನೂರುಗಳ ಸೀಮೆಯಲ್ಲಿ ಆ ಹಾಡು ಮಲೆಯ ಮಾದೇಶ್ವರನದು. ಕಂಸಾಳೆಯ ತಾಳಕ್ಕೆ ದೇವರಗುಡ್ಡರು ರಾತ್ರಿಯೆಲ್ಲ ಹಾಡುವ ಈ ಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ೧೯೭೩ರಲ್ಲಿಯೂ, ಹೆಬ್ಬಣಿ ಮಾದಯ್ಯನವರ ತಂಡದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಅವರು ೧೯೯೭ರಲ್ಲಿಯೂ ಪ್ರಕಟಿಸಿದಮೇಲೆ ಅದು ವಿದ್ವಾಂಸರ ಕೈಗೆ ಬಂದಿತು. ಮಕ್ಕಳ ಕಿವಿಗಾದರೋ ಅದು ಅದಕ್ಕಿಂತ ಬಹಳ ಮೊದಲೇ ಬಿದ್ದಿದ್ದಿತು.

ಈ ಸಂಪ್ರದಾಯದಲ್ಲಿ ಮಗು ಬರಿಯ ಶ್ರೋತೃವಲ್ಲ. ದೀಪಾವಳಿಯಲ್ಲಿ ಬೆಟ್ಟದ ಮೇಲೆ ನಡೆಯುವ ಹಾಲರವೆಯ ಉತ್ಸವದಲ್ಲಿ ಬೇಡಗಂಪಣರ ಮನೆಗಳ ೧೦೧ ಮಂದಿ ಬಾಲಕಿಯರು ಉಪವಾಸವಿದ್ದು, ಹಾಲಹಳ್ಳದಿಂದ ಅರವೆಗಳಲ್ಲಿ ನೀರನ್ನು ತಲೆಯ ಮೇಲೆ ಹೊತ್ತು ಕಾಡುದಾರಿಯಲ್ಲಿ ನಡೆದು ಬರುತ್ತಾರೆ. ಆ ನೀರಿನಿಂದ ದೇವರಿಗೆ ಅಭಿಷೇಕವಾಗುತ್ತದೆ. ಇಲ್ಲಿ ಮಗು ಕಲಿಯುವುದು ಉಪದೇಶದಿಂದಲ್ಲ. ಹಸಿವಿನಿಂದ, ನಡಿಗೆಯಿಂದ, ತಲೆಯ ಮೇಲಿನ ಭಾರದಿಂದ. ನೀರೆಂಬುದು ದೂರದಿಂದ ಹೊತ್ತು ತರಬೇಕಾದ ವಸ್ತುವೆಂದೂ, ಅದನ್ನು ಚೆಲ್ಲದಂತೆ ತರುವುದು ಎಲ್ಲರಿಗಾಗಿ ಮಾಡಿದ ಕೆಲಸವೆಂದೂ ಆ ದೇಹಕ್ಕೆ ತಿಳಿಯುತ್ತದೆ. ದೇವರನ್ನು ನಂಬುವವನಿಗೂ ನಂಬದವನಿಗೂ ಈ ಅರ್ಥವು ಸಮಾನವಾಗಿ ಲಭ್ಯವಾದುದು.

ಕಥೆಯನ್ನು ಬೋಧಿಸುವಾಗ ಮಾತ್ರ ಎರಡು ತಪ್ಪು ದಾರಿಗಳು ತೆರೆದುಕೊಳ್ಳುತ್ತವೆ. ಕೆಲವರು ಪವಾಡವನ್ನೇ ಮುಂದುಮಾಡಿ, ನಂಬಿದರೆ ಸಾಕೆನ್ನುತ್ತಾರೆ. ಇನ್ನು ಕೆಲವರು ಮೂಢನಂಬಿಕೆಗೆ ಹೆದರಿ ಪವಾಡವನ್ನೆಲ್ಲ ಕಿತ್ತುಹಾಕಿ, ಉಳಿದುದನ್ನು ಒಣ ನೀತಿಪಾಠವನ್ನಾಗಿ ಮಾಡುತ್ತಾರೆ. ಮೊದಲನೆಯವರಿಂದ ಮಗುವಿನ ವಿಚಾರಶಕ್ತಿಗೂ ಎರಡನೆಯವರಿಂದ ಕಾವ್ಯಕ್ಕೂ ಹಾನಿ ತಪ್ಪದು. ಮೂರನೆಯ ದಾರಿಯೊಂದುಂಟೆಂಬುದಕ್ಕೆ ಬೇರೊಂದು ಜನಾಂಗದ ನಿದರ್ಶನವಿದೆ. ಯೆಹೂದ್ಯರ ಪಸ್ಕ ಹಬ್ಬದ ಊಟದಲ್ಲಿ, ಈ ರಾತ್ರಿ ಉಳಿದ ರಾತ್ರಿಗಳಂತೆ ಏಕಿಲ್ಲವೆಂದು ಮನೆಯ ಅತಿ ಕಿರಿಯ ಮಗು ಕೇಳಬೇಕೆಂಬುದು ವಾಡಿಕೆ. ದಾಸ್ಯದಿಂದ ಬಿಡುಗಡೆ ಹೊಂದಿದ ಕಥೆಯು ಅದಕ್ಕೆ ಉತ್ತರವಾಗಿ ಬರುತ್ತದೆ. ೧೯೬೩ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಷರ್ವಿನ್ ವೈನ್ ಎಂಬವರು ಆರಂಭಿಸಿದ ಮಾನವತಾವಾದಿ ಯೆಹೂದ್ಯ ಪಂಥವು ದೇವಪ್ರಾರ್ಥನೆಯನ್ನು ಬಿಟ್ಟಿತಾದರೂ ಹಬ್ಬಗಳನ್ನು ಬಿಡಲಿಲ್ಲ. ಕಥೆಯನ್ನು ನಡೆದ ಸಂಗತಿಯೆಂದು ಒಪ್ಪದೆಯೂ ಅದನ್ನು ತಮ್ಮವರ ಕಥೆಯೆಂದು ಪ್ರೀತಿಸಬಹುದೆಂಬುದೇ ಅವರ ನಿಲವಿನ ತಿರುಳು.

ಈ ದೃಷ್ಟಿಯಿಂದ ಸಂಕಮ್ಮನ ಸಾಲನ್ನು ಪರಿಶೀಲಿಸಬಹುದು. ಸೋಲಿಗರ ನೀಲೇಗೌಡನು ಕಾಡಿಗೆ ಹೊರಟಾಗ, ತಾನಿಲ್ಲದ ಕಾಲದಲ್ಲಿ ಶೀಲದಿಂದಿರುವೆನೆಂದು ಭಾಷೆ ಕೊಡುವಂತೆ ಹೆಂಡತಿಯನ್ನು ಒತ್ತಾಯಪಡಿಸುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಆಕೆಯನ್ನು ಹಿಂಸಿಸಿ, ಮಾಟದಿಂದ ಕಟ್ಟಿಹಾಕಿ ಅವನು ಹೋಗುತ್ತಾನೆ. ಮಾದಪ್ಪನು ಬಂದು ಬಿಡಿಸಿ, ಮಕ್ಕಳಿಲ್ಲದ ಆಕೆಗೆ ಅವಳಿಮಕ್ಕಳನ್ನು ಅನುಗ್ರಹಿಸುತ್ತಾನೆ. ಗಂಡ ಮರಳಿ ಬಂದು ಸಂಶಯಪಟ್ಟು ಒಡ್ಡಿದ ಪರೀಕ್ಷೆಗಳನ್ನೂ ಆಕೆ ಗೆಲ್ಲುತ್ತಾಳೆ.

ಕಥೆಯ ಜೀವಾಳವು ಬಿಡುಗಡೆಯ ಪವಾಡದಲ್ಲಿಲ್ಲ, ಅದಕ್ಕೆ ಹಿಂದಿನ ನಿರಾಕರಣೆಯಲ್ಲಿದೆ. ಸಂಕಮ್ಮ ತಪ್ಪಿತಸ್ಥಳಾಗಿದ್ದು ಭಾಷೆಗೆ ಹೆದರುವವಳಲ್ಲ, ನಿರ್ದೋಷಿಯಾಗಿದ್ದೂ ಕೊಡದವಳು. ಸಂಶಯದಿಂದ ಹುಟ್ಟಿದ ಭಾಷೆಯನ್ನು ಕೊಟ್ಟರೆ ಸಂಶಯವನ್ನೇ ನ್ಯಾಯವೆಂದು ಒಪ್ಪಿದಂತಾಗುವುದು. ದೇವರು ಬರುವುದು ಆಮೇಲೆ; ಆ ವೇಳೆಗೆ ಆಕೆ ತನ್ನ ನಿರ್ಧಾರವನ್ನು ಒಬ್ಬಳೇ ಮಾಡಿಯಾಗಿರುತ್ತದೆ. ಹೀಗಿರುವುದರಿಂದ ಮಾನವೀಯ ಅರ್ಥವನ್ನು ಹೊರಗಿನಿಂದ ತಂದು ಈ ಕಾವ್ಯಕ್ಕೆ ತೊಡಿಸಬೇಕಾಗಿಲ್ಲ. ಪವಾಡವನ್ನು ಕಿತ್ತುಹಾಕಬೇಕಾಗಿಯೂ ಇಲ್ಲ: ನೆರೆಯವರಾರೂ ಬಾರದ ಕಾಡಿನಲ್ಲಿ ನೊಂದ ಹೆಂಗಸಿನ ಪಕ್ಷವನ್ನು ಯಾರಾದರೂ ವಹಿಸಲೇಬೇಕೆಂಬ ಜನಪದದ ಹಂಬಲವೇ ಅಲ್ಲಿ ಮಾದಪ್ಪನ ರೂಪವನ್ನು ತಾಳಿದೆ. ಎಳೆಯರಿಗೆ ಹಿಂಸೆಯ ವಿವರವನ್ನು ಮಿತಗೊಳಿಸುವುದು ಯುಕ್ತ. ನಿರಾಕರಣೆಯನ್ನು ಬಿಟ್ಟರೆ ಮಾತ್ರ ಕಥೆಯೇ ಉಳಿಯುವುದಿಲ್ಲ.

ಇಷ್ಟರಿಂದ ಕಾವ್ಯವು ದೋಷಾತೀತವೆಂದು ತಿಳಿಯಬಾರದು. ಗೆದ್ದವಳೂ ಪರೀಕ್ಷೆಗೆ ಒಳಗಾಗಲೇಬೇಕಾಯಿತು. ಪರೀಕ್ಷಿಸಿದವನನ್ನು ಯಾರೂ ಪರೀಕ್ಷಿಸಲಿಲ್ಲ. ಅದಕ್ಕಿಂತಲೂ ಗಹನವಾದ ತೊಡಕು ಮಕ್ಕಳದು. ಕಾರಯ್ಯ ಬಿಲ್ಲಯ್ಯರು ಮಾದಪ್ಪನ ಶಿಶುಮಕ್ಕಳಾಗುತ್ತಾರೆ. ಹರಕೆ ಹೊತ್ತು ಮಗನನ್ನು ಗುಡ್ಡನನ್ನಾಗಿ ಬಿಡುವ ಮನೆಗಳ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆ ಸ್ಪಷ್ಟ. ಒತ್ತಾಯದ ಭಾಷೆಯನ್ನು ತಾಯಿ ನಿರಾಕರಿಸಿದುದನ್ನು ಎತ್ತಿಹಿಡಿದ ಕಾವ್ಯವು, ಮಕ್ಕಳ ಬದುಕಿನ ವಿಷಯದಲ್ಲಿ ಅವರ ಸಮ್ಮತಿಯನ್ನು ಕೇಳುವುದಿಲ್ಲ. ಹಾಲರವೆಯ ಭಾಗ್ಯವೂ ಒಂದು ಕುಲದ ಬಾಲಕಿಯರಿಗೆ ಮೀಸಲಾದುದೇ. ಎಲ್ಲ ಕುಲಗಳ ಮಕ್ಕಳೂ ಕುಳಿತಿರುವ ತರಗತಿಯಲ್ಲಿ ಉಪಾಧ್ಯಾಯರು ಇದನ್ನು ಮರೆಮಾಚುವುದು ಸಲ್ಲದು.

ಈ ತೊಡಕುಗಳನ್ನು ಮಗುವೇ ಗುರುತಿಸಿ ಕೇಳುವಂತೆ ಮಾಡುವುದು ಬೋಧನೆಯ ಸಾರ್ಥಕ್ಯ. ಕಾರಯ್ಯನನ್ನು ಯಾರಾದರೂ ಕೇಳಿದರೇ ಎಂದು ಒಂದು ಮಗು ಪ್ರಶ್ನಿಸಿದರೆ ಅದರಿಂದ ಸಂಪ್ರದಾಯಕ್ಕೆ ಕುಂದಿಲ್ಲ. ಭಾಷೆ ಕೊಡದೆ ನಿಂತ ಸಂಕಮ್ಮನಿಂದಲೇ ಆ ಮಗು ಹಾಗೆ ಕೇಳಲು ಕಲಿತಿರುತ್ತದೆ.