ಬೈಗುಳಕ್ಕೆ ಸಿಕ್ಕುವ ಸೃಷ್ಟಿಕರ್ತ

ಚಳಿಗಾಲದಲ್ಲಿ ಕಡಿದಾದ ಬೆಟ್ಟ ಹತ್ತಿ ಇಳಿಯಬೇಕಾದಾಗಲೆಲ್ಲ ರಷ್ಯದ ಪೂರ್ವ ಅಂಚಿನ ಕಮ್ಚಾಟ್ಕಾದ ಇಟೆಲ್ಮೆನ್ ಜನ ತಮ್ಮನ್ನು ಸೃಷ್ಟಿಸಿದವನನ್ನು ಬಾಯಿತುಂಬ ಬೈಯುತ್ತಿದ್ದರಂತೆ. 1740ರ ದಶಕದಲ್ಲಿ ಅವರ ನಡುವೆ ಓಡಾಡಿದ ಜರ್ಮನ್ ನಿಸರ್ಗ ವಿಜ್ಞಾನಿ ಸ್ಟೆಲ್ಲರ್ ಇದನ್ನು ಬರೆದಿಟ್ಟಿದ್ದಾನೆ. ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1774ರಲ್ಲಿ, ಆ ಪುಸ್ತಕ ಅಚ್ಚಾಯಿತು. ಲೋಕ ಮಾಡಿದ ಕುತ್ಖನಿಗೆ ಬುದ್ಧಿಯಿದ್ದಿದ್ದರೆ ಇಷ್ಟೊಂದು ಬೆಟ್ಟ, ಬಂಡೆ, ಸೆಳವಿನ ಹೊಳೆ, ಬಿರುಗಾಳಿ ಏಕೆ ಇರುತ್ತಿದ್ದವು ಎಂಬುದು ಅವರ ತಕರಾರು. ಅವನಿಗಿಂತ ಅವನ ಹೆಂಡತಿಯೇ ಜಾಣೆ ಎಂದೂ ನಂಬಿದ್ದರು. ಕುತ್ಖನನ್ನು ಅವನದೇ ಜನ ಹೀಗೆ ಹಳಿಯುವುದನ್ನು ರಷ್ಯದ ಕ್ರಶೆನಿನ್ನಿಕೋವ್ ಕೂಡ 1755ರ ತನ್ನ ಗ್ರಂಥದಲ್ಲಿ ದಾಖಲಿಸಿದ. ನಮ್ಮ ದಾಸರ ನಿಂದಾಸ್ತುತಿಯಲ್ಲಿ ಬೈಗುಳದ ಒಳಗೆ ಭಕ್ತಿ ಅಡಗಿರುತ್ತದೆ. ಇಲ್ಲಿ ಬೈಗುಳ ಬರೀ ಬೈಗುಳವೇ. ಆದರೂ ಕುತ್ಖನನ್ನು ಯಾರೂ ಕೈಬಿಡಲಿಲ್ಲ.

ಕುತ್ಖ ಒಂದು ಕಾಗೆ, ಹಿಮದ ನಾಡಿನ ಭಾರಿ ಗಾತ್ರದ ಕಾಗೆ. ಉತ್ತರಕ್ಕೆ ನೆರೆಯ ಕೊರ್ಯಾಕ್ ಜನರಲ್ಲಿ ಅವನೇ ಕ್ವಿಕಿನ್ನಾಕು, ಅಂದರೆ ಹಿರಿಕಾಗೆ. ಬೇರಿಂಗ್ ಜಲಸಂಧಿಯ ಆಚೆ ದಡದಲ್ಲಿ, ಅಲಾಸ್ಕಾದ ಟ್ಲಿಂಗಿಟ್ ಜನರ ಕಾಗೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಬೆಳಕನ್ನು ಕದ್ದು ಲೋಕಕ್ಕೆ ಹರಡುತ್ತಾನೆ. ಎರಡು ದಡಗಳ ಈ ನಂಟನ್ನು ಹುಡುಕಲೆಂದೇ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಮುಂದಾಳತ್ವದ ಜೆಸಪ್ ಸಂಶೋಧನಾ ಯಾತ್ರೆ 1897ರಲ್ಲಿ ಶುರುವಾಯಿತು. ಹಿಂದೆ ರಾಜಕೀಯ ಕೈದಿಯಾಗಿ ಸೈಬೀರಿಯಾಕ್ಕೆ ಗಡೀಪಾರಾಗಿದ್ದ ವ್ಲಾದಿಮಿರ್ ಯೊಹೆಲ್ಸನ್ ಆ ಯಾತ್ರೆಗಾಗಿ 1900–01ರಲ್ಲಿ ಕೊರ್ಯಾಕರ ಬಿಡಾರಗಳಲ್ಲಿ ಕಳೆದು ನೂರಕ್ಕೂ ಮಿಕ್ಕ ಕಥೆಗಳನ್ನು ತಂದ. ಬಹುಪಾಲು ಎಲ್ಲದರಲ್ಲೂ ಇರುವುದು ಹಿರಿಕಾಗೆ, ಅವನ ಹೆಂಡತಿ ಮೀತಿ, ಮಗ ಎಮೆಮ್‌ಕುತ್, ಹೆಣ್ಣುಮಕ್ಕಳು. ಒಂದು ಸಂಸಾರದ ಕಥೆಯೇ ಒಂದು ಜನಾಂಗದ ಪುರಾಣವಾಗಿದೆ.

ಒಂದು ಕಥೆಯಲ್ಲಿ ಇಲಿಹುಡುಗಿಯರಿಗೆ ಕಡಲ ದಂಡೆಯಲ್ಲಿ ಒಂದು ಸೀಲ್ ಸಿಗುತ್ತದೆ. ಹಿರಿಕಾಗೆ ಅದನ್ನು ಕಿತ್ತುಕೊಳ್ಳುತ್ತಾನೆ. ಅವರು ಸುಮ್ಮನಿರುವುದಿಲ್ಲ. ಅವನು ಮಲಗಿದ್ದಾಗ ಕಣ್ಣಿಗೆ ಕೆಂಪು ಕೂದಲು ಅಂಟಿಸುತ್ತಾರೆ. ಎದ್ದವನಿಗೆ ಮನೆಯೆಲ್ಲ ಹೊತ್ತಿ ಉರಿದಂತೆ ಕಂಡು ಬೆಂಕಿ ಬೆಂಕಿ ಎಂದು ಬೊಬ್ಬೆ ಹಾಕುತ್ತಾನೆ. ಇನ್ನೊಮ್ಮೆ ಮುಖಕ್ಕೆ ಬಣ್ಣ ಬಳಿಯುತ್ತಾರೆ. ನೀರು ಕುಡಿಯಲು ಬಗ್ಗಿದವನು ತನ್ನ ಪ್ರತಿಬಿಂಬವನ್ನೇ ಚೆಲುವೆ ಎಂದು ಬಗೆದು, ಉಡುಗೊರೆ ಎಸೆದು, ಕೊನೆಗೆ ತಾನೇ ಹೊಳೆಗೆ ಹಾರುತ್ತಾನೆ. ಕಥೆಗೆ ವರ್ಣನೆಯ ಹಂಗಿಲ್ಲ, ಉಪದೇಶದ ಗೊಡವೆಯೂ ಇಲ್ಲ. ಸಿಕ್ಕಿದ ಬೇಟೆಯನ್ನು ಹಂಚಿಕೊಂಡು ತಿನ್ನದಿದ್ದರೆ ಚಳಿಗಾಲ ದಾಟಲಾಗದ ನಾಡಿನಲ್ಲಿ, ಹಂಚದೆ ಕಿತ್ತುಕೊಂಡವನು ಸೃಷ್ಟಿಕರ್ತನೇ ಆದರೂ ನಗೆಪಾಟಲಾಗಬೇಕು. ಈ ಕಥೆಗಳ ಹಾಸ್ಯದ ಅಡಿಯಲ್ಲಿ ಯಾವಾಗಲೂ ಹಸಿವು ಇದೆ.

ಇದೇ ಹಿರಿಕಾಗೆ ಕೊರ್ಯಾಕರ ಮಂತ್ರಗಳಲ್ಲಿ ಬೇರೆಯೇ ಆಗಿ ಬರುತ್ತಾನೆ. ತಲೆನೋವೋ ಬಾವೋ ಬಂದರೆ ಹೇಳುವ ಮಂತ್ರ ಎಂದರೆ, ಹಿರಿಕಾಗೆಯ ಮಗು ಕಾಯಿಲೆ ಬಿದ್ದದ್ದು, ಅವನು ಮದ್ದಿಗೆ ಅಲೆದದ್ದು, ಮಗು ಗುಣವಾದದ್ದು ಎಂಬ ಪುಟ್ಟ ಕಥೆ. ಆ ಕಥೆ ಹೇಳಿದರೆ ಈ ರೋಗಿಯೂ ಗುಣವಾಗಬೇಕು. ಸಂಜೆ ಅವನ ಪೆದ್ದುತನಕ್ಕೆ ನಕ್ಕ ಮನೆಯೇ ರಾತ್ರಿ ಮಗುವಿಗೆ ಜ್ವರ ಬಂದರೆ ಅವನನ್ನು ಕರೆಯುತ್ತದೆ.

ಪೆದ್ದನೂ ಕಾಯುವವನೂ ಒಬ್ಬನೇ ಆಗಿರುವ ಈ ಜಾಗದಲ್ಲೇ ಪಂಡಿತರು ಎಡವಿದ್ದು. ಮಾನವಶಾಸ್ತ್ರಜ್ಞ ಪಾಲ್ ರಾಡಿನ್ 1956ರಲ್ಲಿ ಉತ್ತರ ಅಮೆರಿಕದ ವಿನೆಬಾಗೊ ಜನರ ಕಿಡಿಗೇಡಿ ದೇವತೆಯ ಬಗ್ಗೆ ಪ್ರಕಟಿಸಿದ ಪುಸ್ತಕಕ್ಕೆ ಮನೋವಿಜ್ಞಾನಿ ಯೂಂಗ್ ವ್ಯಾಖ್ಯಾನ ಬರೆದ. ಇಂಥ ಪಾತ್ರಗಳಲ್ಲಿ ಮಾನವ ಮನಸ್ಸಿನ ಹಿಂದಿನ, ಇನ್ನೂ ಬಲಿಯದ ಹಂತವನ್ನು ಕಂಡ. ಕಡಲ ಮೇಲೆ ದೋಣಿ ನಡೆಸಿ, ಹಿಮಸಾರಂಗ ಸಾಕಿ, ಸಾವಿನ ಅಂಚಿನಲ್ಲಿ ಲೆಕ್ಕ ತಪ್ಪದೆ ಬದುಕಿದವರ ಮನಸ್ಸು ಬಲಿತಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ ಇನ್ನೂ ಚುರುಕಾಗಿ, ಕಾಗೆ ಹೆಣ ತಿನ್ನುವುದರಿಂದ ಬೇಟೆಗೂ ಬೆಳೆಗೂ, ಸಾವಿಗೂ ಬದುಕಿಗೂ ನಡುವಿನ ಮಧ್ಯವರ್ತಿ ಎಂದ. ಸುಂದರವಾದ ಸೂತ್ರ, ಆದರೆ ಅದರಲ್ಲಿ ಮೀತಿಗೆ ಜಾಗವಿಲ್ಲ, ನಗೆಗೂ ಇಲ್ಲ. ಈ ಕಾಗೆಕಥೆಗಳ ಮೇಲೆಯೇ 1979ರಲ್ಲಿ ಇಡೀ ಗ್ರಂಥ ಬರೆದ ರಷ್ಯದ ವಿದ್ವಾಂಸ ಮೆಲೆಟಿನ್ಸ್ಕಿ ತಿರುಳಿಗೆ ಹೆಚ್ಚು ಹತ್ತಿರ ಬಂದ, ಏಕೆಂದರೆ ಅವನು ಕುಟುಂಬವನ್ನೂ ಆಹಾರವನ್ನೂ ಮರೆಯಲಿಲ್ಲ.

ಪರಂಪರೆಯಲ್ಲಿ ಕೊರತೆಯಿಲ್ಲವೆಂದಲ್ಲ. ಎಮೆಮ್‌ಕುತನ ಮದುವೆಯ ಕಥೆಗಳು ಒಂದರ ಹಿಂದೊಂದು ಓದಿದರೆ ಬೇಸರ ತರಿಸುತ್ತವೆ. ಅದಕ್ಕೆ ಅಚ್ಚಿನ ಪುಟವೂ ಸ್ವಲ್ಪ ಹೊಣೆ. ಯೊಹೆಲ್ಸನ್ ಹೇಳಿದವರ ಹೆಸರು, ಊರು ಬರೆದುಕೊಂಡದ್ದು ದೊಡ್ಡ ಗುಣ, ಆದರೆ ಅವನ ಪುಸ್ತಕದಲ್ಲಿ ನಾವು ಓದುವ ಕಥೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಅವನ ಗೆಳೆಯ ಬೊಗೊರಾಸ್ 1917ರಲ್ಲಿ ಕೊರ್ಯಾಕ್ ಮೂಲಪಾಠಗಳನ್ನೇ ಅಚ್ಚು ಹಾಕಿಸಿದ. ತೆಳುವಾದ ಆ ಪುಸ್ತಕ ನನಗೆ ಹೆಚ್ಚು ಬೆಲೆಯದು.

ಇಟೆಲ್ಮೆನ್ನರ ಪಾಡು ಇನ್ನೂ ಕಷ್ಟದ್ದು. ರಷ್ಯನ್ನರ ದಂಡು, ಸೋತ ದಂಗೆಗಳು, 1768ರ ಸಿಡುಬು ಅವರನ್ನು ಕರಗಿಸಿದವು. ಇಂದು ಅವರ ಭಾಷೆಯನ್ನು ಮನೆಮಾತಾಗಿ ಬಲ್ಲವರು ಬೆರಳೆಣಿಕೆಯಷ್ಟು. ಕೊವ್ರಾನ್ ಹಳ್ಳಿಯಲ್ಲಿ ಶರತ್ಕಾಲದ ಹಬ್ಬ ಮತ್ತೆ ನಡೆಯುತ್ತಿದೆ, ಕುರಿಲ್ ಸರೋವರದ ಬಳಿಯ ಜ್ವಾಲಾಮುಖಿ ಬಂಡೆಗಳು ಈಗಲೂ ಕುತ್ಖನ ದೋಣಿಗಳೆಂದೇ ಪ್ರವಾಸಿಗರಿಗೆ ಪರಿಚಯ. ಪ್ರವಾಸಿ ಫಲಕದ ಕುತ್ಖ ಬರೀ ಗಂಭೀರ ಸೃಷ್ಟಿಕರ್ತನಾಗಿಬಿಟ್ಟರೆ ನಷ್ಟ ದೊಡ್ಡದು. ಅವನ ಪೆದ್ದುತನವನ್ನೂ, ಹೊಟ್ಟೆಬಾಕತನವನ್ನೂ, ಬೆಟ್ಟ ಇಳಿಯುವವರ ಬೈಗುಳವನ್ನೂ ಅಲ್ಲಿನ ಮಕ್ಕಳಿಗೆ ಶಾಲೆಯಲ್ಲಿ ಬಿಡದೆ ಕಲಿಸಬೇಕು.